ಅಡುಗೆಯವರ ಊರು ಯಾವುದು?

ಸಿಡ್ನಿಯ ವೆಸ್ಟ್‌ಮೀಡ್ ಬಡಾವಣೆಯ ಬಾಡಿಗೆ ಫ್ಲ್ಯಾಟ್ ಬಿಟ್ಟು ಊರ ಹೊರಗಿನ ಸ್ಕೋಫೀಲ್ಡ್ಸ್‌ಗೆ ಬಂದ ವರ್ಷ ನಮ್ಮ ಮನೆ ದೊಡ್ಡದಾಯಿತು, ಊಟ ದೂರವಾಯಿತು. ವೆಸ್ಟ್‌ಮೀಡ್‌ನಲ್ಲಿದ್ದಾಗ ಊಟದ ಚಿಂತೆಯೇ ಇರಲಿಲ್ಲ. ರೈಲಿನಲ್ಲಿ ಎರಡನೇ ಸ್ಟೇಷನ್ನೇ ಹ್ಯಾರಿಸ್ ಪಾರ್ಕ್. ಅಲ್ಲಿನ ವಿಗ್ರಂ ಸ್ಟ್ರೀಟ್‌ನಲ್ಲಿ ಹಳೆಯ ಕಾಲದ ಸಣ್ಣ ಮನೆಗಳನ್ನೇ ಹೋಟೆಲ್ ಮಾಡಿಕೊಂಡಿದ್ದಾರೆ. ಜಗಲಿಯಲ್ಲಿ ಕೂತು ಚಾಟ್ ತಿಂದು, ಪಾನ್ ಹಾಕಿಕೊಂಡು ಮನೆಗೆ ಬರುತ್ತಿದ್ದೆವು.

ಸ್ಕೋಫೀಲ್ಡ್ಸ್ ಇರೋದು ಸಿಡ್ನಿಯ ನಡುಮಧ್ಯದಿಂದ ವಾಯುವ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ. ದನ ಮೇಯುತ್ತಿದ್ದ ಬಯಲಿನಲ್ಲಿ ಈಗ ಸಾಲು ಸಾಲು ಹೊಸ ಮನೆಗಳು. ಬೀದಿಯಲ್ಲಿ ನಡೆದರೆ ಕನ್ನಡ, ತೆಲುಗು, ಪಂಜಾಬಿ ಎಲ್ಲ ಕಿವಿಗೆ ಬೀಳುತ್ತದೆ. 2021ರ ಜನಗಣತಿಯಲ್ಲಿ ಆಸ್ಟ್ರೇಲಿಯಾದಲ್ಲಿದ್ದ ಭಾರತದಲ್ಲಿ ಹುಟ್ಟಿದವರು 6,73,352. ಇಂಗ್ಲೆಂಡಿನಲ್ಲಿ ಹುಟ್ಟಿದವರನ್ನು ಬಿಟ್ಟರೆ ಹೊರದೇಶದಲ್ಲಿ ಹುಟ್ಟಿದವರಲ್ಲಿ ಆಗ ನಮ್ಮವರೇ ಜಾಸ್ತಿ ಇದ್ದರು. ಮನೆ ಕೈಗೆಟುಕುವ ಬೆಲೆಗೆ ಸಿಗುವುದು ಹೊರಗಡೆ ಅಂತ ತುಂಬಾ ಜನ ಇಂಥ ಬಡಾವಣೆಗಳಿಗೆ ಬಂದಿದ್ದಾರೆ. ಆದರೆ ಜನ ಬಂದ ಕೂಡಲೇ ಒಳ್ಳೆಯ ಹೋಟೆಲ್ ಬರುವುದಿಲ್ಲ. ನಾನು ಕಣ್ಣಾರೆ ಕಂಡ ಕ್ರಮ ಇದು: ಮೊದಲು ಮನೆಗಳು, ಆಮೇಲೆ ದಿನಸಿ ಅಂಗಡಿ, ಹೋಟೆಲ್ ಕೊನೆಗೆ. ಆ ನಡುವಿನ ಕಾಲದಲ್ಲಿ ನಾನು ಹೇಗೆ ಹುಡುಕಿದೆ ಅನ್ನೋದನ್ನು ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಫೋನಿನಲ್ಲಿ 'ಇಂಡಿಯನ್ ರೆಸ್ಟೋರೆಂಟ್' ಅಂತ ಹುಡುಕಿ, ಸ್ಟಾರ್ ಜಾಸ್ತಿ ಇದ್ದಲ್ಲಿಗೆ ಹೋದೆ. ಹತ್ತು ನಿಮಿಷದ ದಾರಿ, ಸೂಪರ್ ಮಾರ್ಕೆಟ್ ಪಕ್ಕದ ಮಳಿಗೆ. ಮೆನುವಿನಲ್ಲಿ ಬಟರ್ ಚಿಕನ್, ಕೊರ್ಮಾ, ವಿಂದಾಲೂ, ರೋಗನ್ ಜೋಶ್. ಎಲ್ಲದರ ಪಕ್ಕದಲ್ಲೂ ಮೈಲ್ಡ್, ಮೀಡಿಯಂ, ಹಾಟ್ ಅಂತ ಮೂರು ಆಯ್ಕೆ. ಇಂಥ ಕಡೆ ಒಳಗೆ ಏನು ನಡೆಯುತ್ತದೆ ಅಂತ ಆಮೇಲೆ ತಿಳಿಯಿತು. ಈರುಳ್ಳಿ, ಟೊಮೆಟೊ, ಶುಂಠಿ, ಬೆಳ್ಳುಳ್ಳಿ ಬೇಯಿಸಿ ರುಬ್ಬಿದ ಗ್ರೇವಿ ಒಂದು ದೊಡ್ಡ ಪಾತ್ರೆಯಲ್ಲಿ ಬೆಳಿಗ್ಗೆಯೇ ಸಿದ್ಧ ಇರುತ್ತದೆ. ಆರ್ಡರ್ ಬಂದ ಹಾಗೆ ಒಂದೊಂದು ಸೌಟು ಬಾಣಲೆಗೆ. ಕ್ರೀಮ್ ಬಿದ್ದರೆ ಕೊರ್ಮಾ, ಖಾರದ ಪುಡಿ ಬಿದ್ದರೆ ವಿಂದಾಲೂ. ಗೋವಾದ ವಿಂದಾಲೂವಿನ ಜೀವ ಇರುವುದು ವಿನೆಗರ್ ಮತ್ತು ಬೆಳ್ಳುಳ್ಳಿಯಲ್ಲಿ. ಪೋರ್ಚುಗೀಸರಿಂದ ಬಂದು ಗೋವಾದವರ ಕೈಯಲ್ಲಿ ಬೆಳೆದ ಅಡುಗೆ ಅದು. ಅದರಲ್ಲಿ ಮೈಲ್ಡ್ ಎಲ್ಲಿಂದ ಬರಬೇಕು?

ಹಾಗಂತ ನಾನು ಅವರನ್ನು ದೂರುವುದಿಲ್ಲ. ಹೊರಬಡಾವಣೆಯಲ್ಲಿ ಮಂಗಳವಾರ ರಾತ್ರಿ ಎಂಟೇ ಟೇಬಲ್ ತುಂಬಿದರೆ, ಅರವತ್ತು ತಿನಿಸುಗಳನ್ನು ಒಂದೊಂದಾಗಿ ಮೊದಲಿನಿಂದ ಮಾಡಲು ಯಾರಿಗೂ ಆಗದು.

ಆ ಮೆನುವಿನ ಕೊನೆಯ ಪುಟದಲ್ಲಿ 'ಬಿಸಿಬೇಳೆಬಾತ್' ಅಂತ ಇತ್ತು. ಕಂಡ ತಕ್ಷಣ ಹೇಳಿಬಿಟ್ಟೆ. ಬಂದದ್ದು ಸಾಂಬಾರಿಗೆ ಅನ್ನ ಕಲಸಿದ್ದು. ಮರಾಠಿ ಮೊಗ್ಗಿನ ವಾಸನೆ ಇಲ್ಲ, ಕೊಬ್ಬರಿ ಇಲ್ಲ. ಬೇಳೆಯೂ ಅನ್ನವೂ ಒಟ್ಟಿಗೆ ಬೆಂದು ಹೊಂದಿಕೊಂಡಿರಲಿಲ್ಲ. ಮೇಲೆ ಎರಡು ಗೋಡಂಬಿ. ದುಡ್ಡು ಕೊಡುವಾಗ ಮಾಲೀಕರಿಗೆ ಮೆಲ್ಲಗೆ ಹೇಳಿದೆ, "ಸರ್, ಇದು ಸಾಂಬಾರ್ ರೈಸ್ ಅಲ್ವಾ?"

ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಮ್ಮ ಅಡುಗೆಯವರು ಉತ್ತರಾಖಂಡದ ಟಿಹರಿ ಗಢವಾಲ್ ಕಡೆಯವರು. ಬಿಸಿಬೇಳೆಬಾತ್ ಅವರು ತಿಂದೇ ಇಲ್ಲ. ಗಿರಾಕಿಗಳು ಕೇಳುತ್ತಾರೆ ಅಂತ ಹಾಕಿದ್ದೇವೆ" ಅಂದರು, ಹಿಂದಿಯಲ್ಲಿ.

"ಹಾಗಾದರೆ ಅವರು ಚೆನ್ನಾಗಿ ಮಾಡುವುದು ಏನು?"

"ನಾಳೆ ಮಧ್ಯಾಹ್ನ ಮೂರು ಗಂಟೆಗೆ ಬನ್ನಿ."

ಹೋದೆ. ಊಟದ ಹೊತ್ತು ಮುಗಿದು, ಅಡುಗೆಮನೆಯವರು ತಾವೇ ಉಣ್ಣಲು ಕೂತಿದ್ದರು. ಒಂದು ತಟ್ಟೆ ನನ್ನ ಮುಂದೆಯೂ ಬಂತು. ರಾಜ್ಮಾ, ಅನ್ನ, ಹಸಿ ಈರುಳ್ಳಿ, ಆಲೂಗಡ್ಡೆ ಪಲ್ಯ. ರಾಜ್ಮಾದ ಕಾಳು ನಾಲಿಗೆಗೆ ತಾಗಿದರೆ ಸಾಕು, ಕರಗುತ್ತಿತ್ತು. ಆದರೆ ಒಂದು ಕಾಳೂ ಒಡೆದಿರಲಿಲ್ಲ. ಮಂದ ಸಾರು, ಕ್ರೀಮಿನ ಸುಳಿವೇ ಇಲ್ಲ. ಅವರ ಊರಿನಲ್ಲಿ ಆಲೂಗಡ್ಡೆ ಪಲ್ಯಕ್ಕೆ ಜಖ್ಯಾ ಅನ್ನುವ ಸಣ್ಣ ಕಪ್ಪು ಬೀಜದ ಒಗ್ಗರಣೆ ಹಾಕುತ್ತಾರಂತೆ, ಹಲ್ಲಿಗೆ ಸಿಕ್ಕಿದರೆ ಕಟಕಟ ಅನ್ನುತ್ತದಂತೆ. ಅದು ಕೈಯಲ್ಲಿ ಇಲ್ಲದ್ದಕ್ಕೆ ಜೀರಿಗೆ ಹಾಕಿದ್ದೇನೆ ಅಂತ ಅಡುಗೆಯವರು ನನ್ನ ಹತ್ತಿರ ಕ್ಷಮೆ ಕೇಳುವ ಹಾಗೆ ಹೇಳಿದರು. ಮೆನುವಿನಲ್ಲಿ ಇಲ್ಲದ ಆ ಊಟ, ಮೆನುವಿನಲ್ಲಿದ್ದ ಎಲ್ಲದಕ್ಕಿಂತ ಚೆನ್ನಾಗಿತ್ತು.

ಅವತ್ತಿನಿಂದ ನನ್ನ ಪ್ರಶ್ನೆ ಬದಲಾಯಿತು. 'ಇಲ್ಲಿ ಏನು ಚೆನ್ನಾಗಿದೆ' ಅಂದರೆ ಎಲ್ಲರೂ ಬಟರ್ ಚಿಕನ್ ಅನ್ನುತ್ತಾರೆ. 'ಅಡುಗೆಯವರ ಊರು ಯಾವುದು' ಅಂತ ಕೇಳಿ ನೋಡಿ. ಕೌಂಟರಿನಲ್ಲಿರುವವರ ಮುಖವೇ ಅರಳುತ್ತದೆ. ಹೈದರಾಬಾದಿನವರು ಅಂದರೆ ಬಿರಿಯಾನಿ ಹೇಳುತ್ತೇನೆ. ಅಮೃತಸರದ ಕಡೆಯವರಾದರೆ ಛೋಲೆ, ಕುಲ್ಚಾ. ಕೇರಳದವರಾದರೆ ಮೀನಿನ ಸಾರು, ಅಪ್ಪ. ಒಂದೇ ಹೋಟೆಲ್ ಒಳಗೆ ನಾಲ್ಕು ಒಳ್ಳೆಯ ತಿನಿಸು, ನಲವತ್ತು ಸುಮಾರಾದವು ಇರುತ್ತವೆ. ಆ ನಾಲ್ಕು ಯಾವುದು ಅಂತ ಊರೇ ಹೇಳಿಬಿಡುತ್ತದೆ.

ಇದಕ್ಕೊಂದು ತೊಡಕೂ ಇದೆ. ಅಡುಗೆಯವರು ಬಿಟ್ಟು ಹೋದರೆ ರುಚಿಯೂ ಅವರ ಜೊತೆ ಹೋಗುತ್ತದೆ, ಬೋರ್ಡ್ ಮಾತ್ರ ಅಲ್ಲೇ ಇರುತ್ತದೆ. ಹಾಗಾಗಿ ಸ್ಟಾರ್ ಎಷ್ಟಿದೆ ಅಂತ ನೋಡುವುದು ಬಿಟ್ಟೆ. ಜನ ಹಾಕಿದ ಫೋಟೋಗಳನ್ನು ನೋಡುತ್ತೇನೆ, ಅದೂ ಈಚಿನ ಎರಡು ಮೂರು ತಿಂಗಳದ್ದು ಮಾತ್ರ. ಸಾಂಬಾರಿನಲ್ಲಿ ತರಕಾರಿ ಹೋಳು ಕಾಣುತ್ತದಾ? ಒಗ್ಗರಣೆಯ ಕರಿಬೇವು ಹಸಿರಾಗಿದೆಯಾ, ಕಂದಾಗಿದೆಯಾ? ಚಟ್ನಿ ತರಿತರಿಯಾಗಿದೆಯಾ? ಐದು ಸ್ಟಾರ್ ಕೊಟ್ಟು 'ಸೂಪರ್' ಅಂದವರಿಗಿಂತ, ಮೂರೇ ಸ್ಟಾರ್ ಕೊಟ್ಟು 'ಸಾರು ಚೆನ್ನಾಗಿತ್ತು, ಪೂರಿ ಎಣ್ಣೆ' ಅಂತ ಬರೆದವರ ಮಾತು ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ. ಬಾಗಿಲ ಬಳಿ 'ಸ್ಕೋರ್ಸ್ ಆನ್ ಡೋರ್ಸ್' ಚೀಟಿ ಇದೆಯಾ ಅಂತಲೂ ನೋಡಿ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅಡುಗೆಮನೆಯ ಶುಚಿಗೆ ಮೂರರಿಂದ ಐದು ಸ್ಟಾರ್ ಕೊಡುವ ವ್ಯವಸ್ಥೆ ಅದು. ಕಡ್ಡಾಯ ಅಲ್ಲ, ಎಲ್ಲ ಕಡೆ ಇರುವುದೂ ಇಲ್ಲ. ಇದ್ದರೆ ಒಂದು ಸಮಾಧಾನ.

ಎರಡನೆಯದಾಗಿ ನಾನು ಕಲಿತದ್ದು ರೈಲಿನ ಲೆಕ್ಕ. ಊರ ಹೊರಗಿನಿಂದ ಒಳ್ಳೆಯ ಊಟಕ್ಕೆ ಊರ ನಡುವಿಗೇ ಹೋಗಬೇಕು ಅಂತ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಸಿಡ್ನಿಯಲ್ಲಿ ನಮ್ಮ ಊಟದ ಮಟ್ಟಿಗೆ ಅದು ತಪ್ಪು. ಟಿ-5 ಕಂಬರ್‌ಲ್ಯಾಂಡ್ ಲೈನ್ ಅಂತ ಒಂದು ಇದೆ. ಅದು ಊರ ನಡುವಿಗೆ ಹೋಗುವುದೇ ಇಲ್ಲ, ಪಶ್ಚಿಮದಲ್ಲೇ ಅಡ್ಡವಾಗಿ ಓಡಾಡುತ್ತದೆ. ಬ್ಲ್ಯಾಕ್‌ಟೌನ್‌ನಿಂದ ಹಿಡಿದರೆ ಸೆವೆನ್ ಹಿಲ್ಸ್, ಟೂಂಗಬ್ಬಿ, ಪೆಂಡಲ್ ಹಿಲ್, ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್, ಪ್ಯಾರಮಟ್ಟಾ, ಹ್ಯಾರಿಸ್ ಪಾರ್ಕ್. ಒಂದೊಂದು ಸ್ಟೇಷನ್ನಿನಲ್ಲೂ ಇಳಿದು ಹತ್ತು ನಿಮಿಷ ಸುಮ್ನೆ ನಡೆಯಿರಿ, ದಿನಸಿ ಅಂಗಡಿಯೋ ಹೋಟೆಲ್ಲೋ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಾವು ಶನಿವಾರಕ್ಕೊಂದು ಸ್ಟೇಷನ್ ಅಂತ ಇಟ್ಟುಕೊಂಡೆವು. ಮಗಳಿಗೆ ರೈಲಿನ ಖುಷಿ, ನಮಗೆ ಊಟದ ಖುಷಿ.

ಹ್ಯಾರಿಸ್ ಪಾರ್ಕ್ ಎಲ್ಲರಿಗೂ ಗೊತ್ತು. ಅಲ್ಲಿ ಉತ್ತರದವರ ಅಡುಗೆ ಜಾಸ್ತಿ. ಚಾಟ್, ಕುಲ್ಫಿ, ಗುಜರಾತಿ ಥಾಲಿಗೆ ಅಲ್ಲಿಗೇ ಹೋಗಬೇಕು. ನನಗೆ ಹೊಸದಾಗಿ ತೆರೆದುಕೊಂಡದ್ದು ಪೆಂಡಲ್ ಹಿಲ್, ವೆಂಟ್‌ವರ್ತ್‌ವಿಲ್, ಟೂಂಗಬ್ಬಿ. ಅಲ್ಲಿ ತಮಿಳರು, ಅದರಲ್ಲೂ ಶ್ರೀಲಂಕಾದ ತಮಿಳರು ಬಹಳ ವರ್ಷಗಳಿಂದ ಇದ್ದಾರೆ. ಒಂದು ಪುಟ್ಟ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಬಣ್ಣದ ಶಾವಿಗೆಯ ಬಿಲ್ಲೆಗಳನ್ನು ಜೋಡಿಸಿಟ್ಟಿದ್ದರು. ಹಾಸನದ ನಮ್ಮ ಮನೆಯಲ್ಲಿ ಅಜ್ಜಿ ಮರದ ಒರಳಿನಲ್ಲಿ ಒತ್ತುತ್ತಿದ್ದ ಒತ್ತು ಶಾವಿಗೆಯೇ ಅಲ್ವಾ ಅನ್ನಿಸಿತು. ಅವರು ಇಡಿಯಾಪ್ಪಂ ಅನ್ನುತ್ತಾರೆ, ಕೆಂಪಕ್ಕಿ ಹಿಟ್ಟಿನಲ್ಲಿ ಮಾಡುತ್ತಾರೆ. ಜೊತೆಗೆ ತೆಂಗಿನ ತುರಿ, ಒಣಮೆಣಸು, ಈರುಳ್ಳಿ, ನಿಂಬೆಹುಳಿ ಹಾಕಿ ಕುಟ್ಟಿದ ಸಂಬೋಲ್, ಮತ್ತೆ ತೆಂಗಿನಹಾಲಿನ ತೆಳು ಸಾರು. ನಾವು ಕಾಯಿಹಾಲು ಬೆಲ್ಲದ ಜೊತೆ ತಿಂದವರು. ಇವರದು ಖಾರದ ದಾರಿ. ಅದು 'ಇಂಡಿಯನ್' ಅಂತ ಹುಡುಕಿದರೆ ಫೋನಿನಲ್ಲಿ ಬರುವುದೇ ಇಲ್ಲ, ಯಾಕೆಂದರೆ ಅದು ಶ್ರೀಲಂಕಾದ ಅಂಗಡಿ. ಆದರೆ ನಮ್ಮ ನಾಲಿಗೆಗೆ ಬಟರ್ ಚಿಕನ್‌ಗಿಂತ ಅದೇ ಹತ್ತಿರ.

ದೋಸೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಒಂದು ಮಸಾಲೆ ದೋಸೆಗೆ ಹೆಚ್ಚುಕಡಿಮೆ 16ರಿಂದ 18 ಡಾಲರ್ ಕೊಡಬೇಕು. ಅಷ್ಟು ಕೊಟ್ಟ ಮೇಲೆ ಸುಮಾರಾದದ್ದು ಬಂದರೆ ಹೊಟ್ಟೆ ಉರಿಯುತ್ತದೆ. ಹೊಸ ಹೋಟೆಲ್‌ಗೆ ಹೋದರೆ ನಾನು ಮೊದಲು ದೋಸೆ ಹೇಳುವುದಿಲ್ಲ, ಇಡ್ಲಿ ಹೇಳುತ್ತೇನೆ. ದೋಸೆಗೆ ತುಪ್ಪ, ಎಣ್ಣೆ, ಕೆಂಪು ಚಟ್ನಿ ಹಾಕಿ ಏನನ್ನಾದರೂ ಮುಚ್ಚಬಹುದು. ಇಡ್ಲಿಯಲ್ಲಿ ಬಚ್ಚಿಡಲು ಜಾಗ ಇಲ್ಲ. ಹಿಟ್ಟು ಸರಿಯಾಗಿ ಹುದುಗಿದ್ದರೆ ಮುರಿದಾಗ ಒಳಗೆ ಸಣ್ಣ ಸಣ್ಣ ತೂತು ಕಾಣುತ್ತದೆ, ಸಣ್ಣಗೆ ಹುಳಿ ವಾಸನೆ ಬರುತ್ತದೆ. ಸೋಡಾ ಹಾಕಿ ಉಬ್ಬಿಸಿದ್ದಾದರೆ ನಾಲಿಗೆಯ ಮೇಲೆ ಸಾಬೂನಿನಂಥ ಒಗರು ಉಳಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇದನ್ನು ಮತ್ತೂ ಗಮನಿಸಿ. ಇಲ್ಲಿ ಅದು ಚಳಿಗಾಲ, ಪಶ್ಚಿಮದ ಬಡಾವಣೆಗಳಲ್ಲಿ ರಾತ್ರಿ ಚಳಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ. ರುಬ್ಬಿಟ್ಟ ಹಿಟ್ಟು ಒಂದು ರಾತ್ರಿಯಲ್ಲಿ ಉಬ್ಬುವುದೇ ಇಲ್ಲ. ಜುಲೈನಲ್ಲೂ ಒಳ್ಳೆಯ ಇಡ್ಲಿ ಕೊಡುವ ಹೋಟೆಲ್ ಸಿಕ್ಕಿದರೆ, ಅಲ್ಲಿ ಯಾರೋ ಹಿಟ್ಟಿನ ಪಾತ್ರೆಯನ್ನು ಬೆಚ್ಚಗೆ ಇಟ್ಟು ಕಾದಿದ್ದಾರೆ ಅಂತ ಅರ್ಥ. ಅಂಥವರ ದೋಸೆಯನ್ನು ಕಣ್ಣುಮುಚ್ಚಿ ಹೇಳಬಹುದು.

ಹೊತ್ತೂ ಮುಖ್ಯ. ಶನಿವಾರ ರಾತ್ರಿ ಎಂಟು ಗಂಟೆಗೆ ಹೋಗಿ ಒಂದು ಹೋಟೆಲ್ ಚೆನ್ನಾಗಿಲ್ಲ ಅಂದುಬಿಟ್ಟರೆ ಅದು ನ್ಯಾಯ ಅಲ್ಲ. ಒಂದೇ ಕಾವಲಿ, ಹೊರಗೆ ಮೂವತ್ತು ಜನ. ಹೆಂಚು ತಣ್ಣಗಾಗಿರುತ್ತದೆ, ದೋಸೆ ಬಿಳಿಚಿಕೊಂಡು ಬರುತ್ತದೆ. ಅದೇ ಕೈಯ ದೋಸೆಯನ್ನು ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ತಿಂದು ನೋಡಿ. ಭಾನುವಾರ ಮತ್ತು ರಜಾದಿನಗಳಲ್ಲಿ ಬಿಲ್ಲಿನ ಮೇಲೆ ಶೇ 10 ಅಥವಾ 15 ಹೆಚ್ಚು ಸೇರಿಸುವ ಹೋಟೆಲ್‌ಗಳೂ ಇವೆ. ವಾರದ ದಿನ ಹೋದರೆ ಅದೂ ಉಳಿಯಿತು.

ಮನೆ ಹತ್ತಿರದ ದಿನಸಿ ಅಂಗಡಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿತು. ಹಸಿ ಕರಿಬೇವನ್ನು ಹೊರದೇಶದಿಂದ ಆಸ್ಟ್ರೇಲಿಯಾಕ್ಕೆ ತರಲು ಬಿಡುವುದಿಲ್ಲ, ಇಲ್ಲೇ ಬೆಳೆದದ್ದೇ ಆಗಬೇಕು. ನಮ್ಮ ಅಂಗಡಿಗೆ ಅದು ಬರುವುದು ಗುರುವಾರ ಸಂಜೆ. ಆ ಹೊತ್ತಿಗೆ ಹೋಗಿ ಸಾಲಿನಲ್ಲಿ ನಿಂತರೆ, ಯಾರು ಹತ್ತು ಕಟ್ಟು ಒಟ್ಟಿಗೆ ತೆಗೆದುಕೊಳ್ಳುತ್ತಾರೆ ಅಂತ ಕಾಣುತ್ತದೆ. ಮನೆಗೆ ಅಷ್ಟೊಂದು ಯಾರಿಗೆ ಬೇಕು? ಅವರು ಅಡುಗೆ ಮಾಡಿ ಮಾರುವವರು. ಹಾಗೆ ಹತ್ತು ಕಟ್ಟು ಕರಿಬೇವು, ನಾಲ್ಕು ನವಿಲುಕೋಸು, ಐದು ಕಿಲೋ ತೊಗರಿಬೇಳೆ ಬುಟ್ಟಿಗೆ ಹಾಕುತ್ತಿದ್ದ ಒಬ್ಬ ಅಕ್ಕನನ್ನು ಮಾತಾಡಿಸಿದೆ. ಫೋನಿನಲ್ಲಿ ಯಾರಿಗೋ ಕನ್ನಡದಲ್ಲೇ ಲೆಕ್ಕ ಹೇಳುತ್ತಿದ್ದರು, ಹಾಗಾಗಿ ಧೈರ್ಯ ಬಂತು.

"ಅಕ್ಕಾ, ನೀವು ಯಾವ ಕಡೆಯವರು?"

"ತಿಪಟೂರು ಕಣಪ್ಪ. ನೀನು?"

ತಿಪಟೂರು ಅಂದ ಕೂಡಲೇ ಕೊಬ್ಬರಿ ನೆನಪಾಯಿತು, ಕೊಬ್ಬರಿಯಿಂದ ಬಿಸಿಬೇಳೆಬಾತ್ ನೆನಪಾಯಿತು. ಕೇಳಿಯೇಬಿಟ್ಟೆ. ಗುರುವಾರದ ಒಳಗೆ ಹೇಳಿದರೆ ಭಾನುವಾರ ಮಾಡಿ ಕೊಡುತ್ತಾರಂತೆ. ಇನ್ನೊಂದು ಪ್ರಶ್ನೆ ಕೇಳಲು ಸಂಕೋಚ ಆಯಿತು, ಆದರೂ ಕೇಳಿದೆ. "ಕೌನ್ಸಿಲ್‌ಗೆ ತಿಳಿಸಿದ್ದೀರಾ ಅಕ್ಕಾ?" ಮನೆಯಿಂದ ಅಡುಗೆ ಮಾಡಿ ಮಾರುವವರು ಇಲ್ಲಿ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು, ಆಹಾರ ಸುರಕ್ಷತೆಯ ನಿಯಮ ಪಾಲಿಸಬೇಕು. ಅವರು ಸಿಟ್ಟಾಗಲಿಲ್ಲ. "ಹ್ಞೂಂ ಮತ್ತೆ, ತಿಳಿಸದೆ ಮಾಡೋಕಾಗುತ್ತಾ? ಕೋರ್ಸ್ ಮಾಡಿದ ಸರ್ಟಿಫಿಕೇಟೂ ಗೋಡೆಗೆ ಹಾಕಿದ್ದೀನಿ, ಬಂದಾಗ ನೋಡು. ಕೇಳಿದ್ದು ಒಳ್ಳೇದಾಯ್ತು." ಈ ಪ್ರಶ್ನೆ ಕೇಳುವುದು ಅವಮಾನ ಅಲ್ಲ ಅಂತ ಅವತ್ತು ಗೊತ್ತಾಯಿತು. ಸರಿಯಾಗಿ ಮಾಡುವವರಿಗೆ ಅದು ಹೆಮ್ಮೆಯ ವಿಷಯ.

ಭಾನುವಾರ ಪಾತ್ರೆ ಹಿಡಿದುಕೊಂಡು ಹೋದೆ, ಪ್ಲಾಸ್ಟಿಕ್ ಡಬ್ಬಿಗೆ ಹಾಕುವುದು ಅವರಿಗೆ ಇಷ್ಟ ಇಲ್ಲ. ಅಡುಗೆಮನೆಯಲ್ಲಿ ಪುಡಿಯ ವಾಸನೆ ಇನ್ನೂ ಹಾಗೇ ಇತ್ತು. ಚಕ್ಕೆ, ಲವಂಗ, ಮರಾಠಿ ಮೊಗ್ಗು, ಧನಿಯಾ, ಕಡಲೆಬೇಳೆ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಬೆಳಿಗ್ಗೆಯೇ ಹುರಿದಿದ್ದರು. ಕೊಬ್ಬರಿಯನ್ನು ಕೊನೆಗೆ, ಒಲೆ ಆರಿಸಿದ ಮೇಲೆ ಆ ಬಿಸಿಗೇ ಹಾಕಬೇಕಂತೆ, ಇಲ್ಲದಿದ್ದರೆ ಸೀದು ಕಹಿಯಾಗುತ್ತದೆ. ನನ್ನ ಪಾತ್ರೆಗೆ ಬಡಿಸಿದಾಗ ಬಾತ್ ತೀರಾ ನೀರಾಗಿ ಕಂಡಿತು. ನನ್ನ ಮುಖ ನೋಡಿ ಅವರೇ ಹೇಳಿದರು, "ಈಗ ಹೀಗೇ ಇರಬೇಕು. ನೀನು ಮನೆ ಮುಟ್ಟೋ ಹೊತ್ತಿಗೆ ಗಟ್ಟಿಯಾಗುತ್ತೆ. ಈಗಲೇ ಗಟ್ಟಿ ಇದ್ದರೆ ಮನೆಯಲ್ಲಿ ಚಾಕು ಹಾಕಿ ಕುಯ್ಯಬೇಕು." ಮನೆಗೆ ಬಂದು ಮುಚ್ಚಳ ತೆಗೆದರೆ ಸರಿಯಾದ ಹದ. ಸೌಟಿನಿಂದ ಮೆಲ್ಲಗೆ ಜಾರಿ ತಟ್ಟೆಯಲ್ಲಿ ಹರಡಿಕೊಂಡಿತು. ಮೇಲೆ ತುಪ್ಪ, ಖಾರಾ ಬೂಂದಿ. ನನ್ನ ಹೆಂಡತಿ ಎರಡು ತುತ್ತು ತಿಂದು ಏನೂ ಮಾತಾಡಲಿಲ್ಲ, ಫೋನ್ ತೆಗೆದು ಮುಂದಿನ ಭಾನುವಾರಕ್ಕೂ ಹೇಳಿಬಿಟ್ಟಳು.

ಡಬ್ಬಿ ಕೊಡುವವರೂ ಇದ್ದಾರೆ, ವಾರಕ್ಕೆ ಇಷ್ಟು ಅಂತ. ದಾಲ್, ಸಬ್ಜಿ, ರೋಟಿ, ಅನ್ನ. ಒಬ್ಬೊಬ್ಬರೇ ಇರುವವರಿಗೆ, ಓದಲು ಬಂದ ಮಕ್ಕಳಿಗೆ ಅದು ದೊಡ್ಡ ಆಸರೆ. ನಾವು ಒಂದು ತಿಂಗಳು ತರಿಸಿದೆವು, ಆಮೇಲೆ ಬೇಡ ಅನ್ನಿಸಿತು, ಅಷ್ಟೇ.

ದೇವಸ್ಥಾನಗಳನ್ನು ಮರೆಯಬಾರದು. ವೆಸ್ಟ್‌ಮೀಡ್ ಹತ್ತಿರದ ಮೇಸ್ ಹಿಲ್‌ನ ಮುರುಗನ್ ದೇವಸ್ಥಾನದಲ್ಲಿ ಕ್ಯಾಂಟೀನ್ ಇದೆ. ದೂರ ಹೋಗುವ ಮನಸ್ಸಿದ್ದರೆ ಸಿಡ್ನಿಯ ದಕ್ಷಿಣಕ್ಕೆ ಹೆಲೆನ್ಸ್‌ಬರ್ಗ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನ. 1985ರಿಂದ ಇರುವ ದೇವಸ್ಥಾನ, ಸುತ್ತ ಕಾಡು. ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಗೂ ಜಾಸ್ತಿ. ವಾರದ ಕೊನೆಯಲ್ಲಿ ಅಲ್ಲಿನ ಕ್ಯಾಂಟೀನ್ ಮುಂದೆ ಜನವೋ ಜನ. ದರ್ಶನ ಮಾಡಿ, ಬೆಂಚಿನ ಮೇಲೆ ಕೂತು ಪುಳಿಯೋಗರೆ, ದೋಸೆ ತಿಂದು, ಅಲ್ಲಿಂದ ಸ್ವಲ್ಪ ದೂರದ ಬಾಲ್ಡ್ ಹಿಲ್‌ಗೆ ಹೋಗಿ ಸಮುದ್ರ ನೋಡಿಕೊಂಡು ಬರುತ್ತೇವೆ. ಊರಿಂದ ಅಮ್ಮ ಬಂದಾಗ ಮೊದಲು ಕರೆದುಕೊಂಡು ಹೋಗಿದ್ದು ಅಲ್ಲಿಗೇ. ಮೊದಲ ವಾರ ಸಪ್ಪೆ ಮುಖ ಮಾಡಿಕೊಂಡಿದ್ದ ಅಮ್ಮ, ಪುಳಿಯೋಗರೆಯ ಕಡಲೆಬೀಜ ಅಗಿಯುತ್ತಾ "ಇವರು ಗೊಜ್ಜನ್ನು ನಿನ್ನೆಯೇ ಕುದಿಸಿಟ್ಟಿದ್ದಾರೆ, ಅದಕ್ಕೇ ಹೀಗಿದೆ" ಅಂದರು. ಅವತ್ತಿನಿಂದ ಅಮ್ಮನಿಗೆ ಸಿಡ್ನಿ ಸ್ವಲ್ಪ ಹತ್ತಿರವಾಯಿತು.

ಈಗ ಸ್ಕೋಫೀಲ್ಡ್ಸ್ ಸುತ್ತಮುತ್ತಲೂ ಬದಲಾಗುತ್ತಿದೆ. ನನ್ನ ಪುಟ್ಟ ನೋಟ್‌ಬುಕ್ಕಿನಲ್ಲಿ ಹೋಟೆಲ್‌ಗಳ ಹೆಸರಿಗಿಂತ ಊರುಗಳ ಹೆಸರೇ ಜಾಸ್ತಿ: ಟಿಹರಿ, ಜಾಫ್ನಾ, ಗುಂಟೂರು, ತಿಪಟೂರು. ಮೊನ್ನೆ ಸಂಜೆ ವಾಕಿಂಗ್ ಹೋದಾಗ ಔಷಧಿ ಅಂಗಡಿ ಪಕ್ಕದ ಖಾಲಿ ಮಳಿಗೆಯ ಗಾಜಿಗೆ ಕಾಗದ ಅಂಟಿಸಿದ್ದರು, 'ಸೌತ್ ಇಂಡಿಯನ್, ಶೀಘ್ರದಲ್ಲೇ' ಅಂತ. ಒಳಗೆ ಇಬ್ಬರು ಹುಡುಗರು ಒಂದು ದೊಡ್ಡ ರುಬ್ಬುವ ಯಂತ್ರವನ್ನು ಎಳೆದು ಗೋಡೆ ಪಕ್ಕಕ್ಕೆ ಕೂರಿಸುತ್ತಿದ್ದರು. ಕಲ್ಲಿನ ಗ್ರೈಂಡರ್. ಹಿಟ್ಟು ಅಲ್ಲೇ ರುಬ್ಬುತ್ತಾರೆ ಅಂತಾಯಿತು. ಗಾಜು ತಟ್ಟಿ, ಅಡುಗೆಯವರ ಊರು ಯಾವುದು ಅಂತ ಕೇಳಿದೆ. "ಇನ್ನೂ ಬಂದಿಲ್ಲ ಸರ್, ಮುಂದಿನ ತಿಂಗಳು ಕುಂದಾಪುರದಿಂದ ಬರ್ತಾರೆ" ಅಂದ ಒಬ್ಬ. ಶುರುವಾದ ಮೊದಲ ವಾರ ಗಡಿಬಿಡಿ ಇರುತ್ತದೆ. ಎರಡನೇ ವಾರದ ಬುಧವಾರ, ಹನ್ನೆರಡು ಗಂಟೆಗೆ ಹೋಗುತ್ತೇನೆ.